ನಮ್ಮ ಪೀಸ್ ರೇಟು ಟ್ಯಾಗ್‌ನಲ್ಲೇ ಎಲ್ಲರಿಗೂ ಕಾಣುತ್ತಿದೆ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಆರ್‌ಎಫ್‌ಐಡಿ ಟ್ಯಾಗ್‌ನಲ್ಲಿ ವ್ಯಾಪಾರದ ಮಾಹಿತಿ ತೆರೆದಿಟ್ಟಿರುವ ಬಗ್ಗೆ ದೂರು

ಮಾನ್ಯರೇ,

ಬಳ್ಳಾರಿಯಲ್ಲಿ ನಮ್ಮದು ಚಿಕ್ಕ ಜೀನ್ಸ್ ಘಟಕ. ಹೊಲಿಗೆ, ವಾಷಿಂಗ್ ಮುಗಿದ ಮೇಲೆ ಪ್ರತಿ ಪ್ಯಾಂಟಿಗೂ ನಿಮ್ಮ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೊ ಅಲೆಯಿಂದ ದೂರದಲ್ಲೇ ಓದುವ ಚಿಪ್ ಇರುವ ಚೀಟಿ) ಹಾಕಿ ಬೆಂಗಳೂರಿನ ಗೋದಾಮಿಗೆ ಕಳಿಸುತ್ತೇವೆ. ಮೊದಲು ಒಂದು ಲೋಡ್ ಎಣಿಸಲು ಇಬ್ಬರು ಹುಡುಗರು ಅರ್ಧ ದಿನ ಕೂರುತ್ತಿದ್ದರು. ನಿಮ್ಮ ಟ್ಯಾಗ್ ಬಂದ ಮೇಲೆ ಆ ತಾಪತ್ರಯ ತಪ್ಪಿತ್ತು. ಅದಕ್ಕೇ ನಿಮ್ಮ ಸೇವೆ ಬಿಡುವ ಮನಸ್ಸಿಲ್ಲ.

ಆದರೆ ಕಳೆದ ವಾರ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನಡೆದದ್ದು ಕೇಳಿ. ಬೇರೆ ಪಾರ್ಟಿಯ ಮಾಲು ಒಯ್ಯಲು ಬಂದಿದ್ದ ಹುಡುಗನೊಬ್ಬ ತನ್ನ ಬಂಡಲ್ ಓದಿಸಲು ಟ್ಯಾಗ್ ಓದುವ ಯಂತ್ರದ, ಅಂದರೆ ಕೈ ರೀಡರ್‌ನ, ಗುಂಡಿ ಒತ್ತಿದ. ಆರೇಳು ಅಡಿ ಆಚೆ ನಮ್ಮ ಚೀಲಗಳಿದ್ದವು. ಬಾಯಿ ಹೊಲಿದು ಮುಚ್ಚಿದ ಚೀಲಗಳು. ರೀಡರ್ ಬೀಪ್ ಬೀಪ್ ಅನ್ನುತ್ತಲೇ ಇತ್ತು. "ಅಣ್ಣಾ, ಇದು ನಿಮ್ದಲ್ವಾ?" ಎಂದು ಅವನೇ ಸ್ಕ್ರೀನ್ ತೋರಿಸಿದ. ನಮ್ಮ ಲಾಟ್ ನಂಬರ್, ಕೊಳ್ಳುವವರ ಕೋಡ್, ಪಕ್ಕದಲ್ಲೇ ಪೀಸ್ ರೇಟು! ನನಗೆ ಕೈಕಾಲು ಆಡಲಿಲ್ಲ. ಆ ಹುಡುಗ ಒಳ್ಳೆಯವನು, ಹೇಳಿದ. ನೋಡಿ ಸುಮ್ನೆ ಹೋದವರು ಎಷ್ಟು ಜನರೋ.

ನಮ್ಮ ವ್ಯಾಪಾರದಲ್ಲಿ ಪೀಸಿಗೆ ಐದು ರೂಪಾಯಿ ವ್ಯತ್ಯಾಸ ಬಂದರೆ ಆರ್ಡರ್ ಪಕ್ಕದ ಘಟಕಕ್ಕೆ ಹೋಗುತ್ತದೆ. ಒಬ್ಬರಿಗೆ ಕೊಟ್ಟ ರೇಟು ಇನ್ನೊಬ್ಬರಿಗೆ ಗೊತ್ತಾಗಬಾರದು ಎಂದು ಬಿಲ್ ಪುಸ್ತಕವನ್ನೇ ಬೀಗ ಹಾಕಿಡುತ್ತೇನೆ. ನೀವು ಅದೇ ರೇಟನ್ನು ಟ್ಯಾಗ್‌ನ ಯೂಸರ್ ಮೆಮೊರಿಯಲ್ಲಿ (ಚಿಪ್‌ನಲ್ಲಿ ಹೆಚ್ಚಿನ ಮಾಹಿತಿ ಬರೆದಿಡುವ ಜಾಗ) ಬರೆದು ಬೀದಿಗೆ ಬಿಟ್ಟಿದ್ದೀರಿ.

ಫೋನ್ ಮಾಡಿದರೆ ನಿಮ್ಮವರು "ಲಾಕ್ ಮಾಡಿ ಕೊಡ್ತೀವಿ ಸಾರ್" ಎಂದರು. ಈ ಮಾತು ನನಗೆ ಜಾಸ್ತಿ ಬೇಸರ ತಂದಿತು. ನಿಮ್ಮ ಈ ಟ್ಯಾಗ್‌ಗಳಲ್ಲಿ ಯೂಸರ್ ಮೆಮೊರಿ ಲಾಕ್ ಮಾಡಿದರೆ ಬೇರೆಯವರು ತಿದ್ದಿ ಬರೆಯುವುದು ನಿಲ್ಲುತ್ತದೆ, ಓದುವುದು ನಿಲ್ಲುವುದಿಲ್ಲ. ಇಂಥ ಟ್ಯಾಗ್‌ಗಳು ಪಾಲಿಸುವ ಜೆನ್2 ಎಂಬ ಮಾನದಂಡದ, 2013ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಮಾಹಿತಿ ಮರೆಮಾಡುವ ದಾರಿ ಇದೆ, ಆದರೆ ಎಲ್ಲ ಚಿಪ್‌ಗಳಲ್ಲೂ ಇಲ್ಲ. ನಮಗೆ ಕೊಟ್ಟ ಚಿಪ್‌ಗಳಲ್ಲಂತೂ ಇಲ್ಲ. ಸಾಲದ್ದಕ್ಕೆ ಅವುಗಳ 32 ಬಿಟ್ ಪಾಸ್‌ವರ್ಡ್ ಇನ್ನೂ ಫ್ಯಾಕ್ಟರಿಯಿಂದ ಬಂದ ಹಾಗೇ ಬರೀ ಸೊನ್ನೆ. ಯಾರು ಬೇಕಾದರೂ ನಮ್ಮ ಲಾಟ್ ನಂಬರನ್ನೇ ಬದಲಿಸಬಹುದು.

ಟ್ಯಾಗ್‌ನಲ್ಲಿ ಇರಬೇಕಾದದ್ದು ಒಂದು ಸೀರಿಯಲ್ ನಂಬರ್ ಮಾತ್ರ. ರೇಟು, ಪಾರ್ಟಿ ಹೆಸರು, ಲಾಟ್ ವಿವರ ಎಲ್ಲ ನಿಮ್ಮ ಸರ್ವರ್‌ನಲ್ಲಿ, ನಮ್ಮ ಲಾಗಿನ್ ಒಳಗೆ ಇರಲಿ. ಮುಂದಿನ ಲೋಡ್‌ನಿಂದಲೇ ಹೀಗೆ ಮಾಡಿ, ಪಾಸ್‌ವರ್ಡ್ ಹಾಕಿ, ಆಮೇಲೆ ಲಾಕ್ ಮಾಡಿ. ಗೋದಾಮಿನಲ್ಲಿ ಈಗಾಗಲೇ ಇರುವ ಮಾಲಿನ ಟ್ಯಾಗ್‌ಗಳನ್ನು ನಿಮ್ಮ ಹುಡುಗರೇ ಹೋಗಿ, ನಿಮ್ಮ ಖರ್ಚಿನಲ್ಲೇ, ಅಳಿಸಿ ಕೊಡಬೇಕು.

ಅದಾಗುವ ತನಕ ನಿಮ್ಮ ಟ್ಯಾಗ್ ಹಾಕುವುದನ್ನು ನಿಲ್ಲಿಸಿದ್ದೇನೆ. ಹುಡುಗರು ಮತ್ತೆ ಕೈಯಲ್ಲೇ ಎಣಿಸುತ್ತಿದ್ದಾರೆ. ಏಳು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ.

ಇಂತಿ,
ಘಟಕದ ಮಾಲೀಕ, ಬಳ್ಳಾರಿ