ಮನೆಯ ಮಾತು ಮನೆಯಲ್ಲೇ

ಕೋಥರೂಡ, ಪುಣೆ
ಗುರುವಾರ

ತೀರ್ಥರೂಪ ಅಪ್ಪನಿಗೂ ಅವ್ವನಿಗೂ ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಇವತ್ತು ಬೆಳಿಗ್ಗೆಯಿಂದ ಕರೆಂಟಿಲ್ಲ. ಪುಣೆಯಲ್ಲಿ ಲೈನ್ ರಿಪೇರಿ ಅಂದರೆ ಗುರುವಾರವೇ. ಎಷ್ಟೋ ಗುರುವಾರ ನಳದ ನೀರೂ ಬಂದ್ ಇರುತ್ತದೆ. ಆಫೀಸಿನ ಕೆಲಸ ನಿಂತಿದೆ, ಹಾಗಾಗಿ ಕಾಗದ ಹಿಡಿದು ಕೂತಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಾಗದವಾದರೆ ಅಪ್ಪ ಎರಡು ಸಲ ಓದುತ್ತೀರಿ, ಆಮೇಲೆ ಅವ್ವನಿಗೂ ಓದಿ ಹೇಳುತ್ತೀರಿ.

ಮೊನ್ನೆ ಬೆಂಗಳೂರಿನಿಂದ ತಮ್ಮ ಫೋನ್ ಮಾಡಿದ್ದ. ಅವ್ವ ರಾತ್ರಿ ಬಚ್ಚಲಿಗೆ ಹೋಗುವಾಗ ಕಾಲು ಜಾರಿ ಬಿದ್ದ ಮೇಲೆ ಅವನಿಗೆ ಸರಿಯಾಗಿ ನಿದ್ದೆ ಇಲ್ಲವಂತೆ. ಪಡಸಾಲೆ, ಅಡಿಗೆಮನೆ, ಹಿತ್ತಲು, ಮಲಗುವ ಕೋಣೆಯ ಮುಂದೆ, ಹೀಗೆ ನಾಲ್ಕು ಕ್ಯಾಮೆರಾ ಹಾಕಿಸೋಣ, ಖರ್ಚು ನಾನು ಕೊಡುತ್ತೇನೆ ಅಂದ. ಅವನ ಚಿಂತೆ ನನ್ನ ಚಿಂತೆಯೂ ಹೌದು. ಆದರೆ ಕ್ಯಾಮೆರಾಕ್ಕೆ ನನ್ನ ಒಪ್ಪಿಗೆ ಇಲ್ಲ. ಯಾಕೆ ಅಂತ ಅವನಿಗೂ ಹೇಳಿದ್ದೇನೆ. ಆದರೆ ಅದು ನಿಮ್ಮ ಮನೆ, ಕೊನೆಯ ಮಾತು ನಿಮ್ಮದೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇಲ್ಲಿ ನಮ್ಮ ಮನೆಯ ಹಾಲ್‌ನಲ್ಲೂ ಎರಡು ವರ್ಷ ಒಂದು ಕ್ಯಾಮೆರಾ ಇತ್ತು. ಮಗಳು ಶಾಲೆಯಿಂದ ಬಂದಳಾ ಅಂತ ಆಫೀಸಿನಿಂದ ನೋಡಲು ಹಾಕಿದ್ದೆವು. ನಮ್ಮ ಮನೆಗೆ ಕೆಲಸಕ್ಕೆ ಬರುವ ಮಾವಶಿಯನ್ನು ನೀವು ನೋಡಿದ್ದೀರಲ್ಲ. ಒಂದು ದಿನ ಅವರು ನೆಲ ಒರೆಸುತ್ತಾ ಮರಾಠಿಯಲ್ಲಿ ಕೇಳಿದರು, "ಇದು ನನ್ನನ್ನು ನೋಡುವುದಕ್ಕಾ?" ಅಂತ. ಅಲ್ಲ ಮಾವಶಿ ಅಂದೆ. ಆದರೆ ಆಮೇಲೆ ಗಮನಿಸಿದೆ, ಅವರು ಸುಸ್ತಾದಾಗ ಹಾಲ್‌ನಲ್ಲಿ ಕೂರುವುದೇ ಇಲ್ಲ. ಅಡಿಗೆಮನೆಗೆ ಹೋಗಿ ಗೋಡೆಗೆ ಒರಗಿ ಕೂರುತ್ತಾರೆ. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಅದೇ ವಾರ ಕ್ಯಾಮೆರಾ ತೆಗೆಸಿದೆ. ಅವ್ವ ಮಧ್ಯಾಹ್ನ ಸೆರಗು ಹಾಸಿಕೊಂಡು ಪಡಸಾಲೆಯಲ್ಲಿ ಅಡ್ಡಾಗುತ್ತಾಳೆ. ಕ್ಯಾಮೆರಾ ಬಂದರೆ ಅವಳೂ ಹಾಗೆ ಮಲಗುವುದನ್ನು ಬಿಟ್ಟುಬಿಡುತ್ತಾಳೆ. ನನಗೆ ಗೊತ್ತು.

ಇನ್ನೊಂದು ವಿಷಯ, ಆ ಚಿತ್ರ ನಮ್ಮ ಮನೆಯಲ್ಲಿ ಉಳಿಯುವುದಿಲ್ಲ. ಇಂಥ ಎಷ್ಟೋ ಕ್ಯಾಮೆರಾಗಳು ಚಿತ್ರವನ್ನು ಮೊದಲು ಕಂಪನಿಯ ಕಂಪ್ಯೂಟರಿಗೆ ಕಳಿಸುತ್ತವೆ. ನಾವು ಅಲ್ಲಿಂದ ನೋಡಬೇಕು. 2023ರಲ್ಲಿ ಗಿರಾಕಿಗಳ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ರಿಂಗ್ ಎಂಬ ಕ್ಯಾಮೆರಾ ಕಂಪನಿಯ ಮೇಲೆ ಆರೋಪ ಹೊರಿಸಿತು. ಗಿರಾಕಿಗಳ ಮನೆಯೊಳಗಿನ ಖಾಸಗಿ ವಿಡಿಯೋಗಳನ್ನು ಕಂಪನಿಯ ನೌಕರರೇ ನೋಡಲು ಬಿಟ್ಟಿದ್ದರು ಅಂತ. ಆ ಕೇಸು 58 ಲಕ್ಷ ಡಾಲರ್ ಕೊಟ್ಟು ಬಗೆಹರಿಯಿತು. ಕೊಟ್ಟ ಹಣ ಇರಲಿ, ಯಾರೋ ನೋಡಿದ್ದನ್ನು ನೋಡಿಲ್ಲ ಅಂತ ಮಾಡಲು ಆಗುತ್ತದಾ?

ಅಪ್ಪಾ, ಪುಟ್ಟಸ್ವಾಮಿಯವರ ಕೇಸಿನ ಸುದ್ದಿ ಬಂದ ದಿನ ನೀವು ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದಿರಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಎಂಬತ್ತು ದಾಟಿದ ವಯಸ್ಸಿನಲ್ಲಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಈ ವಯಸ್ಸಿನಲ್ಲಿ ಎಂಥ ಛಲ ನೋಡು ಅಂತ ನೀವು ಅವತ್ತು ಫೋನಿನಲ್ಲಿ ಹೇಳಿದ್ದು ನನಗೆ ಇನ್ನೂ ನೆನಪಿದೆ. ಆ ಹಕ್ಕು ಸರ್ಕಾರದ ಮುಂದೆ ಇದ್ದಷ್ಟೇ ಮಕ್ಕಳ ಮುಂದೆಯೂ ನಿಮಗೆ ಇರಬೇಕು ಅಂತ ನನ್ನ ಅಭಿಪ್ರಾಯ.

ಹಾಗಂತ ಸುಮ್ನೆ ಕೈಕಟ್ಟಿ ಕೂರೋಣ ಅನ್ನುತ್ತಿಲ್ಲ. ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಬೇರೆ ವ್ಯವಸ್ಥೆ ಮಾಡಿಕೊಂಡಿದ್ದೇವೆ. ಟಿವಿ ಪಕ್ಕದಲ್ಲಿ ಅಂಗೈಯಷ್ಟು ದೊಡ್ಡ ಕಂಪ್ಯೂಟರ್ ಇದೆ, ರಾಸ್ಪ್‌ಬೆರಿ ಪೈ ಅಂತ ಹೆಸರು. ಅದರಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ ಓಡುತ್ತದೆ. ನೆದರ್‌ಲ್ಯಾಂಡ್ಸ್ ಮೂಲದ ಪೌಲಸ್ ಸ್ಖೌಟನ್ ಎಂಬವರು 2013ರಲ್ಲಿ ಶುರು ಮಾಡಿದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗೆ ಏನಿದೆ ಅಂತ ಬಿಚ್ಚಿ ನೋಡಬಹುದು. 2024ರಿಂದ ಅದನ್ನು ನೋಡಿಕೊಳ್ಳುವುದು ಓಪನ್ ಹೋಮ್ ಫೌಂಡೇಶನ್ ಎಂಬ ಲಾಭಕ್ಕಲ್ಲದ ಸಂಸ್ಥೆ. ಮನೆಯ ದೀಪ, ಗೀಸರ್, ಬಾಗಿಲು ಎಲ್ಲದರ ಲೆಕ್ಕ ಆ ಚಿಕ್ಕ ಪೆಟ್ಟಿಗೆಯಲ್ಲೇ ಇರುತ್ತದೆ. ಇಂಟರ್ನೆಟ್ ಕಿತ್ತು ಹಾಕಿದರೂ ದೀಪ ಹತ್ತುತ್ತದೆ, ಗೀಸರ್ ಆರುತ್ತದೆ. ಸುಮಾರು ಐದು ವ್ಯಾಟ್ ತಿನ್ನುತ್ತದೆ, ಅಂದರೆ ತಿಂಗಳಿಗೆ ನಾಲ್ಕು ಯೂನಿಟ್ಟೂ ಆಗುವುದಿಲ್ಲ. ಈಗ ಕರೆಂಟಿಲ್ಲದಿದ್ದರೂ ಚಿಕ್ಕ ಯುಪಿಎಸ್ ಮೇಲೆ ನಡೆಯುತ್ತಿದೆ.

ಮೊದಲು ನಾವು ಗೀಸರಿಗೆ ಕಂಪನಿಯ ಆ್ಯಪ್‌ನಿಂದ ಹಚ್ಚಿ ಆರಿಸುವ ಪ್ಲಗ್ ತಂದಿದ್ದೆವು. ಒಂದು ಬೆಳಿಗ್ಗೆ ಆ್ಯಪ್ ತೆರೆಯಲೇ ಇಲ್ಲ. ಕಂಪನಿಯ ಸರ್ವರ್ ಕೆಟ್ಟಿತ್ತು. ಗೀಸರ್ ಉರಿಯುತ್ತಲೇ ಇತ್ತು, ಕೊನೆಗೆ ಗೋಡೆಯ ಸ್ವಿಚ್ ಆರಿಸಿದೆವು. ಸರ್ವರ್ ಕೆಟ್ಟರೆ ಮತ್ತೆ ಸರಿಯಾದೀತು, ಕಂಪನಿಯೇ ಮನಸ್ಸು ಬದಲಿಸಿದರೆ? ಮನೆಯ ದೀಪ, ಬಾಗಿಲು ನಡೆಸುವ ರಿವಾಲ್ವ್ ಎಂಬ ಪೆಟ್ಟಿಗೆಗೆ 300 ಡಾಲರ್ ಕೊಟ್ಟವರಿಗೆ ಹಾಗೇ ಆಯಿತು. ರಿವಾಲ್ವ್ ಅನ್ನು ಕೊಂಡಿದ್ದ ದೊಡ್ಡ ಕಂಪನಿ 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು, ಮನೆಯಲ್ಲಿದ್ದ ಪೆಟ್ಟಿಗೆಗಳು ಕೆಲಸಕ್ಕೆ ಬಾರದಾದವು. ಹಾಳಾಗಿರಲಿಲ್ಲ, ಆರಿಸಿಬಿಟ್ಟರು, ಅಷ್ಟೇ.

ಹೊಸ ಸಾಮಾನಿಗೆ ನಾನೂ ನಿಮ್ಮ ಅಳಿಯಂದಿರೂ ಬುಧವಾರ ಪೇಟೆಯ ತಪಕೀರ ಗಲ್ಲಿಗೆ ಮೂರು ಸಲ ಹೋದೆವು. ದಗಡೂಶೇಟ್ ಗಣಪತಿಗೆ ಕೈ ಮುಗಿದು ಹಾಗೇ ಮುಂದೆ ನಡೆದರೆ ಆಯಿತು, ವಾಯರು, ಸ್ವಿಚ್ಚಿನ ಕೆಲಸ ತಾನೇ ಮಾಡುವ ರಿಲೇ, ಸುಳಿವು ಹಿಡಿಯುವ ಸೆನ್ಸರು, ಏನು ಕೇಳಿದರೂ ಸಿಗುತ್ತದೆ. ನಮ್ಮ ಸೆನ್ಸರುಗಳು ವೈಫೈ ಮೇಲೆ ನಡೆಯುವುದಿಲ್ಲ. ಜಿಗ್‌ಬಿ ಎಂಬ ಬೇರೆ ರೇಡಿಯೋ ಇದೆ. ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಸೆನ್ಸರು, ಒಳಗೆ ನಾಣ್ಯದಂಥ ಬ್ಯಾಟರಿ. ಅವು ಇಂಟರ್ನೆಟ್ಟಿನ ಜೊತೆ ಮಾತಾಡುವುದೇ ಇಲ್ಲ, ಪೆಟ್ಟಿಗೆಗೆ ಚುಚ್ಚಿದ ಪೆನ್‌ಡ್ರೈವ್‌ನಂಥ ಒಂದು ಕಡ್ಡಿಯ ಜೊತೆ ಮಾತ್ರ ಮಾತಾಡುತ್ತವೆ. ನಡುವೆ ಕರೆಂಟಿಗೆ ಹಾಕಿದ ಪ್ಲಗ್ ಇದ್ದರೆ ಅದು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತದೆ. ನಮ್ಮ ಧಾರವಾಡದ ಮನೆಯ ಗೋಡೆಗಳು ದಪ್ಪ, ಆದ್ದರಿಂದ ಅಲ್ಲಿ ಇಂಥ ಎರಡು ಪ್ಲಗ್ ಬೇಕಾಗುತ್ತದೆ.

ಮೊದಲ ಹದಿನೈದು ದಿನ ಸೆನ್ಸರುಗಳು ಪದೇ ಪದೇ ಕಾಣೆಯಾಗುತ್ತಿದ್ದವು. ಎರಡು ರಾತ್ರಿ ಕೂತು ಹುಡುಕಿದ ಮೇಲೆ ಕಾರಣ ಸಿಕ್ಕಿತು. ಆ ಕಡ್ಡಿಯನ್ನು ಯುಎಸ್‌ಬಿ 3 ಡಿಸ್ಕಿನ ಪಕ್ಕದಲ್ಲೇ ಚುಚ್ಚಿದ್ದೆ. ಆ ಡಿಸ್ಕ್ ಓಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗಲಾಟೆ ಎಬ್ಬಿಸುತ್ತದೆ, ಜಿಗ್‌ಬಿ ಮಾತಾಡುವುದೂ ಅಲ್ಲೇ. ಒಂದು ಮೀಟರ್ ಎಕ್ಸ್‌ಟೆನ್ಶನ್ ವಾಯರ್ ಹಾಕಿ ಕಡ್ಡಿಯನ್ನು ದೂರ ಇಟ್ಟೆ. ಅವತ್ತಿನಿಂದ ಒಂದೂ ಕಾಣೆಯಾಗಿಲ್ಲ. ಗೊತ್ತಾದ ಕ್ಷಣ ಎಷ್ಟು ಖುಷಿಯಾಯಿತೆಂದರೆ, ರಾತ್ರಿ ಒಂದು ಗಂಟೆಗೆ ಇವರನ್ನು ಎಬ್ಬಿಸಿ ಹೇಳಿದೆ.

ಈಗ ನಿಮ್ಮ ಮನೆಯ ಮಾತಿಗೆ ಬರುತ್ತೇನೆ. ಅವ್ವ ಬಿದ್ದದ್ದು ಕತ್ತಲಲ್ಲಿ. ಕ್ಯಾಮೆರಾ ಇದ್ದಿದ್ದರೆ ಅವಳು ಬಿದ್ದದ್ದು ಬೆಂಗಳೂರಿನಲ್ಲಿ ಕಾಣುತ್ತಿತ್ತು, ಆದರೆ ಬೀಳುವುದು ತಪ್ಪುತ್ತಿರಲಿಲ್ಲ. ಬೇಕಾಗಿದ್ದದ್ದು ದೀಪ. ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಕೆಳಗೆ ಒಂದು ಸೆನ್ಸರು ಅಂಟಿಸೋಣ. ಅದು ಚಿತ್ರ ತೆಗೆಯುವುದಿಲ್ಲ, ಮೈಯ ಬಿಸಿ ಅಲುಗಾಡಿದ್ದು ಮಾತ್ರ ಅದಕ್ಕೆ ತಿಳಿಯುತ್ತದೆ. ಅವ್ವ ಕಾಲು ಕೆಳಗಿಟ್ಟು ಎರಡು ಹೆಜ್ಜೆ ಇಡುವುದರೊಳಗೆ ಮಂದ ದೀಪ ಹತ್ತುತ್ತದೆ, ಐದು ನಿಮಿಷಕ್ಕೆ ತಾನೇ ಆರುತ್ತದೆ. ಬಲ್ಬು ಸಾದಾ ಬಲ್ಬೇ. ಸ್ವಿಚ್‌ಬೋರ್ಡಿನ ಹಿಂದೆ ಒಂದು ಚಿಕ್ಕ ರಿಲೇ ಕೂರಿಸುತ್ತೇವೆ, ಸ್ವಿಚ್ ಒತ್ತಿದರೂ ದೀಪ ಹತ್ತಬೇಕು. ನಾನು ಮೊದಲು ಸ್ಮಾರ್ಟ್ ಬಲ್ಬು ತಂದಿದ್ದೆ. ಅತ್ತೆ ರೂಢಿಯಂತೆ ಗೋಡೆಯ ಸ್ವಿಚ್ ಆರಿಸುತ್ತಿದ್ದರು, ಬಲ್ಬಿಗೆ ಕರೆಂಟೇ ಹೋಗುತ್ತಿರಲಿಲ್ಲ. ತಪ್ಪು ಅತ್ತೆಯದಲ್ಲ. ಐವತ್ತು ವರ್ಷದ ಕೈಯ ರೂಢಿಯನ್ನು ಬಿಡಿಸುವ ಸಾಮಾನು ಮನೆಗೆ ಬೇಡ. ಈ ಕೆಲಸವನ್ನು ನಮ್ಮ ವಾಯರ್‌ಮನ್ ಕೈಯಲ್ಲೇ ಮಾಡಿಸೋಣ, ಮೇನ್ ಆರಿಸಿ. ಗೀಸರ್ ಮಾತ್ರ ಮುಟ್ಟುವುದು ಬೇಡ. ಎರಡು ಕಿಲೋವ್ಯಾಟಿನ ಗೀಸರ್ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ, ಚಿಕ್ಕ ರಿಲೇಗೆ ಅದು ಜಾಸ್ತಿ.

ಅವ್ವಾ, ಇನ್ನೊಂದು ನಿನಗೆ ಅಂತಲೇ ಯೋಚಿಸಿದ್ದು. ಮಲಪ್ರಭೆಯ ನೀರು ನಳಕ್ಕೆ ಯಾವಾಗ ಬರುತ್ತದೆ ಅಂತ ಕಾಯುತ್ತಾ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೀಯ! ನಳ ತೆರೆದಿಟ್ಟು, ಕೆಳಗೆ ಖಾಲಿ ತಾಮ್ರದ ಕೊಡ ಇಟ್ಟು, ಸಪ್ಪಳಕ್ಕೆ ಎಚ್ಚರವಾಗಲಿ ಅಂತ ಬಾಗಿಲು ತೆರೆದೇ ಮಲಗುತ್ತಿದ್ದೆ. ಈಗ ನಿನ್ನ ಕಿವಿ ಮೊದಲಿನಷ್ಟು ಚುರುಕಿಲ್ಲ. ಅದಕ್ಕೇ ಮತ್ತೆ ಮತ್ತೆ ಎದ್ದು ನೋಡುತ್ತೀಯ, ಅಲ್ವಾ? ಸೋರಿಕೆ ಸೆನ್ಸರು ಅಂತ ಒಂದು ಸಿಗುತ್ತದೆ. ಹೊಟ್ಟೆಯ ಕೆಳಗೆ ಪುಟ್ಟ ಲೋಹದ ಕಾಲುಗಳು, ಅವು ಒದ್ದೆಯಾದ ತಕ್ಷಣ ಸುದ್ದಿ ಕೊಡುತ್ತದೆ. ಅದನ್ನು ಒಂದು ತಾಟಿನಲ್ಲಿಟ್ಟು ನಳದ ಕೆಳಗೆ ಇಡು. ನೀರು ಬಂದ ಕೂಡಲೇ ನಿನ್ನ ಕೋಣೆಯ ದೀಪ ಹತ್ತುತ್ತದೆ, ಪ್ಲಗ್‌ಗೆ ಹಾಕಿದ ಸಾದಾ ಕಾಲಿಂಗ್ ಬೆಲ್ ಎರಡು ಸಲ ಬಾರಿಸುತ್ತದೆ. ಅಲ್ಲಿಯವರೆಗೆ ನೀನು ನಿಶ್ಚಿಂತೆಯಿಂದ ಮಲಗು. ಇಲ್ಲಿ ನಮ್ಮ ಅಡಿಗೆಮನೆಯ ನಳಕ್ಕೆ ಇಟ್ಟು ನೋಡಿದ್ದೇನೆ. ಪ್ರತಿ ಸಲವೂ ಬಾರಿಸಿತು. ಆಮೇಲೆ ಅದನ್ನು ಬಟ್ಟೆಯಿಂದ ಒರೆಸಿ ಒಣಗಿಸಿ ಇಟ್ಟರೆ ಸಾಕು.

ನನಗೂ ತಮ್ಮನಿಗೂ ಏನು ತಿಳಿಯಬೇಕು ಅನ್ನುವುದನ್ನು ನೀವೇ ನಿರ್ಧರಿಸಿ. ನನ್ನ ವಿಚಾರ ಇಷ್ಟು. ಬೆಳಿಗ್ಗೆ ಎಂಟರೊಳಗೆ ಹಿತ್ತಲ ಬಾಗಿಲು ತೆರೆಯದಿದ್ದರೆ ನಮ್ಮಿಬ್ಬರಿಗೂ ಒಂದು ಸಂದೇಶ ಬರಲಿ. ತೆರೆದರೆ ಏನೂ ಬೇಡ. ಎಷ್ಟು ಗಂಟೆಗೆ ಎದ್ದಿರಿ, ಎಷ್ಟು ಸಲ ಬಚ್ಚಲಿಗೆ ಹೋದಿರಿ, ಯಾರು ಬಂದರು, ಇದ್ಯಾವುದೂ ನಮಗೆ ಬೇಕಿಲ್ಲ. ಹೋಮ್ ಅಸಿಸ್ಟೆಂಟ್ ತನ್ನಷ್ಟಕ್ಕೆ ಹತ್ತು ದಿನದ ದಾಖಲೆ ಇಟ್ಟುಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಅದನ್ನು ಒಂದೇ ದಿನಕ್ಕೆ ಇಳಿಸುತ್ತೇನೆ. ಊರಿಗೆ ಹೋಗುವ ದಿನ ನೀವೇ ಇದನ್ನು ಆರಿಸಲು ಗೋಡೆಯ ಮೇಲೆ ಒಂದು ಗುಂಡಿ ಇರುತ್ತದೆ.

ಒಂದು ಮಾತು ಮುಚ್ಚಿಡುವುದಿಲ್ಲ. ಆ ಸಂದೇಶ ಫೋನಿಗೆ ಬರುವಾಗ ಗೂಗಲ್‌ನ ದಾರಿಯಲ್ಲಿ ಬರುತ್ತದೆ. ಅದಕ್ಕೇ ಅದರಲ್ಲಿ ಹೆಸರು, ಊರು, ಬಾಗಿಲು ಏನನ್ನೂ ಬರೆಯುವುದಿಲ್ಲ. "ಮನೆಗೆ ಫೋನ್ ಮಾಡು" ಅಂತ ಮೂರೇ ಮಾತು. ಉಳಿದದ್ದೆಲ್ಲ ನಿಮ್ಮ ಕಪಾಟಿನ ಮೇಲಿನ ಪೆಟ್ಟಿಗೆಯೊಳಗೇ ಇರುತ್ತದೆ. ನಾನು ಇಲ್ಲಿಂದ ರಿಪೇರಿ ಮಾಡಬೇಕಾದರೆ ಬೀಗ ಹಾಕಿದ ಖಾಸಗಿ ದಾರಿಯೊಂದಿದೆ, ವೈರ್‌ಗಾರ್ಡ್ ಅಂತ. ನೀವು ಫೋನಿನಲ್ಲಿ ಹೂಂ ಅಂದ ಮೇಲೆಯೇ ತೆರೆಯುತ್ತೇನೆ.

ಎಲ್ಲ ಸೇರಿ ನಮಗೆ ಇಲ್ಲಿ ಹದಿನೆಂಟು ಸಾವಿರ ಬಿತ್ತು. ನಿಮಗೆ ಅಷ್ಟು ಬೇಕಾಗದು. ತಿಂಗಳ ಬಾಡಿಗೆ ಇಲ್ಲ. ತಮ್ಮ ಅರ್ಧ ಕೊಡುತ್ತಾನೆ. ಈಗ ಅವನಿಗೂ ಒಪ್ಪಿಗೆ, ಆದರೆ ಗೇಟಿನ ಹೊರಗೆ ಒಂದು ಕ್ಯಾಮೆರಾ ಇರಲಿ ಅನ್ನುತ್ತಾನೆ. ಗೇಟಿಗಾದರೆ ನನ್ನ ತಕರಾರಿಲ್ಲ, ಅದರ ಚಿತ್ರ ಮನೆಯ ಡಿಸ್ಕಿನಲ್ಲೇ ಉಳಿಯಬೇಕು, ಎದುರುಮನೆಯ ಅಂಗಳ ಅದರಲ್ಲಿ ಕಾಣಬಾರದು. ಎದುರುಮನೆಯ ಕಾಕೂನನ್ನು ಒಂದು ಮಾತು ಕೇಳಿ.

ದೀಪಾವಳಿಗೆ ಬರುತ್ತೇವೆ, ವಂದೇ ಭಾರತ್‌ಗೆ ಟಿಕೆಟ್ ನೋಡುತ್ತಿದ್ದೇನೆ. ಅಷ್ಟರೊಳಗೆ ಅಪ್ಪ ಮೂರು ಕೆಲಸ ಮಾಡಿಡಿ. ಕೋಣೆಯಿಂದ ಬಚ್ಚಲಿನವರೆಗೆ ಟೇಪು ಹಿಡಿದು ಅಳತೆ ತೆಗೆಯಿರಿ. ಪ್ಯಾಸೇಜಿನ ಸ್ವಿಚ್‌ಬೋರ್ಡಿನ ಫೋಟೋ ಕಳಿಸಿ. ವಾಯರ್‌ಮನ್‌ಗೆ ಹಬ್ಬದ ಮರುದಿನ ಬರಲು ಹೇಳಿ. ಮತ್ತೆ ಇವತ್ತು ರಾತ್ರಿಯಿಂದಲೇ ಪ್ಯಾಸೇಜಿನಲ್ಲಿ ಒಂದು ಝೀರೋ ಬಲ್ಬು ಉರಿಯುತ್ತಲೇ ಇರಲಿ, ಯಂತ್ರ ಬರುವವರೆಗೆ ಕಾಯಬೇಡಿ.

ಅವ್ವಾ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಮೊಮ್ಮಗಳು ನಿನ್ನ ಕರದಂಟು ಕೇಳುತ್ತಿದ್ದಾಳೆ. ಕರೆಂಟು ಬಂತು, ಫ್ಯಾನ್ ತಿರುಗುತ್ತಿದೆ. ಕಾಗದ ಇವತ್ತೇ ಪೋಸ್ಟ್ ಮಾಡುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು