ಗೆಳೆಯನಿಗೊಂದು ಪತ್ರ: ಮೆರವಣಿಗೆ ಆಯಿತು, ಇನ್ನು ಸಮಿತಿ ಕೊಠಡಿ

ಪ್ರಿಯ ಗೆಳೆಯಾ,

ಹವಾಮಾನ ಕಾಯ್ದೆಗಾಗಿ ನಿನ್ನ ಹೈಸ್ಕೂಲ್ ಮಕ್ಕಳು ಒಂದಾಗಿದ್ದಾರೆ, ಫಲಕ ಹಿಡಿದು ಬೀದಿಗಿಳಿದದ್ದೂ ಆಯಿತು, ಮುಂದೇನು ಎಂದು ಕೇಳಿದ್ದೀಯ. ಮುಂದಿನದು ಸಪ್ಪೆ ಕೆಲಸ ಕಣೋ. ಬೀದಿಯ ಗದ್ದಲ ವಿಷಯವನ್ನು ಸುದ್ದಿಗೆ ತರುತ್ತದೆ, ಅಷ್ಟೇ. ಮಸೂದೆಯ ಹಣೆಬರಹ ತೀರ್ಮಾನವಾಗುವುದು ಬೆರಳೆಣಿಕೆಯ ಸದಸ್ಯರು ಕೂರುವ ಶಾಸನಸಭೆಯ ಸಮಿತಿ ಕೊಠಡಿಯಲ್ಲಿ. ಎಷ್ಟೋ ಮಸೂದೆಗಳು ಮತಕ್ಕೆ ಹಾಕಿ ಸೋಲುವುದೇ ಇಲ್ಲ. ಅಧ್ಯಕ್ಷರು ಕಾರ್ಯಸೂಚಿಗೆ ಸೇರಿಸುವುದಿಲ್ಲ, ಅಧಿವೇಶನ ಮುಗಿಯುತ್ತದೆ, ಮಸೂದೆ ಅಲ್ಲೇ ಸಾಯುತ್ತದೆ. ಆದ್ದರಿಂದ ಘೋಷಣೆ ಬರೆಯುವ ಮೊದಲು ಮಕ್ಕಳು ಮೂರು ವಿಷಯ ಪತ್ತೆ ಮಾಡಲಿ: ಯಾವ ಸಮಿತಿ, ಅದರ ಅಧ್ಯಕ್ಷರು ಯಾರು, ಮಸೂದೆ ಸಲ್ಲಿಸಲು ಕೊನೆಯ ದಿನ ಯಾವುದು.

ಅಮೆರಿಕದ ಯೂಟಾ ರಾಜ್ಯದ ಸಂಗತಿ ಅವರಿಗೆ ಹೇಳು. ಅಲ್ಲಿನ ಶಾಸನಸಭೆ 2010ರಲ್ಲಿ ಹವಾಮಾನ ವಿಜ್ಞಾನವನ್ನೇ ಅನುಮಾನಿಸುವ ನಿರ್ಣಯವೊಂದನ್ನು ಅಂಗೀಕರಿಸಿತ್ತು. ಲೋಗನ್ ಹೈಸ್ಕೂಲಿನ ವಿದ್ಯಾರ್ಥಿಗಳು ಅದಕ್ಕೆ ಪ್ರತಿಯಾಗಿ ಹೊಸ ನಿರ್ಣಯ ಬೇಕೆಂದು ಹಟ ಹಿಡಿದರು. 2017ರ ಪ್ರಯತ್ನ ಮುಂದೆ ಸಾಗಲಿಲ್ಲ. ಮರುವರ್ಷ ಸದನದಲ್ಲಿ ಬಹುಮತವಿದ್ದ ರಿಪಬ್ಲಿಕನ್ ಪಕ್ಷದವರೇ ಆದ ಶಾಸಕಿ ಬೆಕಿ ಎಡ್ವರ್ಡ್ಸ್ ಅದನ್ನು ಮಂಡಿಸಿದರು. 2018ರ ಮಾರ್ಚ್‌ನಲ್ಲಿ ಗವರ್ನರ್ ಸಹಿಯೂ ಬಿತ್ತು. ಗಮನಿಸಬೇಕಾದ್ದು, ಮಂಡಿಸಿದವರು ಬಹುಮತದ ಕಡೆಯವರು. ನಮ್ಮನ್ನು ಮೊದಲೇ ಒಪ್ಪುವ ಶಾಸಕರ ಜೊತೆ ಫೋಟೊ ತೆಗೆಸಿಕೊಳ್ಳುವುದು ಸುಲಭ, ಆದರೆ ಅವರ ಕೈಯಲ್ಲಿ ಮತಗಳಿರದಿದ್ದರೆ ಏನು ಬಂತು? ಅಲ್ಲಿ ವಾರ್ಷಿಕ ಅಧಿವೇಶನ 45 ದಿನಕ್ಕೆ ಮುಗಿಯುತ್ತದೆ. ಅಂದರೆ ಶಾಸಕರನ್ನು ಒಪ್ಪಿಸುವ ಕೆಲಸವೆಲ್ಲ ಅಧಿವೇಶನಕ್ಕೆ ತಿಂಗಳುಗಳ ಮೊದಲೇ ಆಗಿರಬೇಕು.

ಒಂದು ಎಚ್ಚರಿಕೆ. ಯೂಟಾದಲ್ಲಿ ಆದದ್ದು ನಿರ್ಣಯ, ಕಾಯ್ದೆಯಲ್ಲ. ನಿರ್ಣಯ ಸದನದ ಅಭಿಪ್ರಾಯ ಹೇಳುತ್ತದೆ, ಯಾರನ್ನೂ ಕಟ್ಟಿಹಾಕುವುದಿಲ್ಲ. ಮೊದಲ ಮೆಟ್ಟಿಲಾಗಿ ಒಳ್ಳೆಯದೇ. ಅದನ್ನೇ ಗೆಲುವೆಂದು ಸಿಹಿ ಹಂಚಿ ಮನೆಗೆ ಹೋದರೆ ಕಷ್ಟ.

ಬೇಡಿಕೆ ಕಿರಿದಾಗಿರಲಿ. ‘ಭೂಮಿ ಉಳಿಸಿ’ ಎಂಬುದನ್ನು ಯಾವ ಶಾಸಕರೂ ವಿರೋಧಿಸುವುದಿಲ್ಲ, ಅದಕ್ಕೇ ಅದರಿಂದ ಏನೂ ಆಗುವುದಿಲ್ಲ. ‘ಇಂಥ ವರ್ಷದ ನಂತರ ಖರೀದಿಸುವ ಶಾಲಾ ಬಸ್ಸುಗಳೆಲ್ಲ ವಿದ್ಯುತ್ ಚಾಲಿತವಾಗಿರಬೇಕು’ ಎಂದರೆ ಅದು ಬೇಡಿಕೆ. ಯಾವ ಕಾಯ್ದೆಯ ಯಾವ ಕಲಮು ಬದಲಾಗಬೇಕು, ಜಾರಿ ಮಾಡುವ ಇಲಾಖೆ ಯಾವುದು, ಯಾವ ದಿನಾಂಕದೊಳಗೆ, ಖರ್ಚು ಯಾರದ್ದು: ಇಷ್ಟಕ್ಕೂ ಒಂದೇ ಹಾಳೆಯಲ್ಲಿ ಉತ್ತರವಿರಬೇಕು. ಮಕ್ಕಳು ಸಾಮಾನ್ಯವಾಗಿ ಎಡವುವುದು ಕೊನೆಯದರಲ್ಲಿ. ಕರಗುವ ಹಿಮನದಿಯ ಬಗ್ಗೆ ಹತ್ತು ನಿಮಿಷ ಮಾತಾಡಬಲ್ಲ ಹುಡುಗಿ ‘ದುಡ್ಡು ಎಲ್ಲಿಂದಮ್ಮಾ?’ ಎಂದೊಡನೆ ಮೇಷ್ಟರ ಮುಖ ನೋಡುತ್ತಾಳೆ. ಡೀಸೆಲ್ ಬಸ್ಸಿನ ಬೆಲೆ, ವಿದ್ಯುತ್ ಬಸ್ಸಿನ ಬೆಲೆ, ಇಂಧನ ಮತ್ತು ರಿಪೇರಿಯಲ್ಲಿ ಉಳಿಯುವುದೆಷ್ಟು, ಚಾರ್ಜಿಂಗ್ ವ್ಯವಸ್ಥೆಗೆ ಎಷ್ಟು ಎಂಬುದನ್ನು ಒಬ್ಬರಾದರೂ ಬಾಯಿಪಾಠ ಮಾಡಿರಲಿ. ಗೊತ್ತಿಲ್ಲದ ಪ್ರಶ್ನೆಗೆ ‘ತಿಳಿದು ನಾಳೆ ಬರೆದು ಕಳಿಸುತ್ತೇವೆ’ ಎಂದು ಹೇಳಿ, ನಾಳೆಯೇ ಕಳಿಸಲಿ. ಶಾಸಕರ ಕಚೇರಿಯ ಸಹಾಯಕರು ಇಂಥದ್ದನ್ನು ನೆನಪಿಟ್ಟುಕೊಳ್ಳುತ್ತಾರೆ. ಭೇಟಿಗೆ ಶಾಸಕರ ಬದಲು ಸಹಾಯಕರೇ ಸಿಕ್ಕರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಕಡತ ಓದುವವರು ಅವರೇ.

ಭೇಟಿಗೆ ನಾಲ್ವರು ಸಾಕು. ಒಬ್ಬರು ಮಾತು ಶುರು ಮಾಡಲಿ, ಒಬ್ಬರು ಲೆಕ್ಕ ಹೇಳಲಿ, ಒಬ್ಬರು ಬೇಡಿಕೆಯನ್ನು ನೇರವಾಗಿ ಕೇಳಲಿ (‘ಪರವಾಗಿ ಮತ ಹಾಕುತ್ತೀರಾ?’), ಒಬ್ಬರು ಬಂದ ಉತ್ತರವನ್ನು ಬರೆದುಕೊಳ್ಳಲಿ. ಮೂರನೆಯವರನ್ನು ಮೊದಲೇ ಗೊತ್ತು ಮಾಡದಿದ್ದರೆ ಎಲ್ಲರೂ ವಂದನೆ ಹೇಳಿ ಎದ್ದು ಬರುತ್ತಾರೆ, ಕೇಳಬೇಕಾದ್ದು ಅಲ್ಲೇ ಉಳಿಯುತ್ತದೆ.

ಸಮಿತಿಯ ಮುಂದೆ ಹೇಳಿಕೆಗೆ ಸಿಗುವುದು ಅನೇಕ ಕಡೆ ಎರಡೋ ಮೂರೋ ನಿಮಿಷ. ಎರಡು ನಿಮಿಷಕ್ಕೆ 180 ಪದ ಮೀರದಂತೆ ಬರೆದು, ಗಡಿಯಾರ ಇಟ್ಟು ಗಟ್ಟಿಯಾಗಿ ಓದಿಸು. ಮೊದಲ ಸಾಲಿನಲ್ಲೇ ಹೆಸರು, ತರಗತಿ, ಮಸೂದೆಯ ಸಂಖ್ಯೆ, ಪರವೋ ವಿರೋಧವೋ ಎಂಬುದು ಬರಲಿ. ಕೊನೆಗೆಂದು ಇಟ್ಟುಕೊಂಡರೆ ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಐದು ಮಕ್ಕಳು ಒಂದೇ ಮಾತು ಹೇಳಿದರೆ ಸದಸ್ಯರು ಮೂರನೆಯವರ ಹೊತ್ತಿಗೆಲ್ಲ ಫೋನ್ ನೋಡತೊಡಗುತ್ತಾರೆ. ಒಬ್ಬರು ಆರೋಗ್ಯ, ಒಬ್ಬರು ಖರ್ಚು, ಒಬ್ಬರು ಬೇರೆ ಕಡೆ ಜಾರಿಯಾದ ರೀತಿ ಎಂದು ಹಂಚಿಕೊಳ್ಳಲಿ. ವಿಚಾರಣೆ ಕೊನೇ ಗಳಿಗೆಯಲ್ಲಿ ಮುಂದಕ್ಕೆ ಹೋಗುವುದು ಮಾಮೂಲು, ಅದೂ ಪರೀಕ್ಷೆಯ ದಿನಕ್ಕೇ ಬಂದು ಕೂರಬಹುದು. ಲಿಖಿತ ಹೇಳಿಕೆಯನ್ನು ಮೊದಲೇ ಸಲ್ಲಿಸಿಬಿಡಿ. ಅದು ಸಾರ್ವಜನಿಕ ದಾಖಲೆಯಾಗುವುದರಿಂದ ಮಕ್ಕಳ ಮನೆ ವಿಳಾಸ, ಫೋನ್ ನಂಬರ್ ಎಲ್ಲಿ ಕಾಣುತ್ತದೆ ಎಂದು ವಿಚಾರಿಸಿ, ಬಿಡಬಹುದಾದರೆ ಬಿಡಿ.

ಒಂದೇ ಒಕ್ಕಣೆಯ ಸಾವಿರ ಇಮೇಲ್‌ಗಳನ್ನು ಕಚೇರಿಗಳು ಒಂದು ಗಂಟು ಮಾಡಿ ಎಣಿಸುತ್ತವೆ. ಸ್ವಂತ ಮಾತಿನ ಮೂವತ್ತು ಪತ್ರಗಳೇ ವಾಸಿ.

ಸಹಿ ಸಂಗ್ರಹಕ್ಕಿಳಿದರೆ ವಯಸ್ಸಿನ ನಿಯಮ ನೋಡಿಕೊಳ್ಳಿ. ಡೆನ್ಮಾರ್ಕ್‌ನಲ್ಲಿ ನಾಗರಿಕರ ಪ್ರಸ್ತಾವಕ್ಕೆ 50,000 ಸಹಿ ಬಿದ್ದರೆ ಸಂಸತ್ತಿನಲ್ಲಿ ಮಂಡನೆಯಾಗಬಹುದು. ಹವಾಮಾನ ಕಾಯ್ದೆ ಬೇಕೆಂಬ ಕೂಗು 2019ರಲ್ಲಿ ಆ ದಾರಿಯಲ್ಲೇ ಸಂಸತ್ತು ತಲುಪಿತು. 2030ರೊಳಗೆ ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು 1990ರ ಮಟ್ಟಕ್ಕಿಂತ 70% ತಗ್ಗಿಸುವ ಗುರಿಯ ಕಾಯ್ದೆ 2020ರಲ್ಲಿ ಬಂತು. ಆದರೆ ಆಗ ಅಲ್ಲಿ ಸಹಿ ಹಾಕಲು ಮತದಾರರಾಗಿರಬೇಕಿತ್ತು. ಇಂಥ ಕಡೆ ಮಕ್ಕಳು ಸಹಿ ಮಾಡುವವರಲ್ಲ, ಮಾಡಿಸುವವರು.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಕಾಯ್ದೆಗೆ ವರ್ಷಗಳು ಹಿಡಿಯುತ್ತವೆ, ಮಕ್ಕಳು ಅಷ್ಟರಲ್ಲಿ ಶಾಲೆ ಮುಗಿಸಿ ಹೋಗಿರುತ್ತಾರೆ. ಪ್ರತಿ ಹೊಣೆಗೂ ಇಬ್ಬರಿರಲಿ, ಒಬ್ಬರು ಕೊನೆಯ ತರಗತಿಯವರು, ಇನ್ನೊಬ್ಬರು ಎರಡು ವರ್ಷ ಕಿರಿಯರು. ಇಮೇಲ್ ಖಾತೆ ಗುಂಪಿನದಾಗಿರಲಿ. ಯಾರನ್ನು ಯಾವಾಗ ಭೇಟಿಯಾದರು, ಏನು ಕೇಳಿದರು, ಶಾಸಕರು ಏನು ಮಾತು ಕೊಟ್ಟರು ಎಂಬುದು ಒಂದು ಪುಸ್ತಕದಲ್ಲಿ ದಿನಾಂಕದೊಡನೆ ದಾಖಲಾಗಲಿ. ಚುನಾವಣೆ ಹತ್ತಿರವಾದಾಗ ಅಭ್ಯರ್ಥಿಗಳ ಪ್ರಚಾರಕ್ಕೆ ಶಾಲೆಯ ಹೆಸರು ಸೇರದಂತೆ ನೋಡಿಕೊ. ನಿನ್ನ ಕೆಲಸಕ್ಕೂ ಅದು ಕುತ್ತು.

ತಿದ್ದುಪಡಿಗಳನ್ನು ಸಾಲು ಸಾಲಾಗಿ ಓದುವ ಒಬ್ಬ ಹುಡುಗನೋ ಹುಡುಗಿಯೋ ಬೇಕೇ ಬೇಕು. ‘ಮಾಡತಕ್ಕದ್ದು’ ಎಂದಿದ್ದದ್ದು ‘ಮಾಡಬಹುದು’ ಎಂದಾದರೆ ಮಸೂದೆಯ ಹೆಸರು ಹಾಗೇ ಇರುತ್ತದೆ, ಒಳಗೆ ಹುರುಳಿರುವುದಿಲ್ಲ. ಈ ಕಾವಲು ಕಾಯ್ದೆ ಬಂದ ಮೇಲೂ ನಿಲ್ಲಬಾರದು. ನ್ಯೂಜಿಲೆಂಡಿನಲ್ಲಿ ಜನರೇಷನ್ ಜೀರೋ ಎಂಬ ಯುವಕರ ಸಂಘಟನೆ ಒತ್ತಾಯಿಸಿದ ಶೂನ್ಯ ಇಂಗಾಲ ಕಾಯ್ದೆ 2019ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಆದರೆ ಭೂಮಿಯ ಬಿಸಿ ಹೆಚ್ಚಿಸುವ, ಮುಖ್ಯವಾಗಿ ದನಕುರಿಗಳಿಂದ ಬರುವ ಮೀಥೇನ್‌ಗೆ ಅದರಲ್ಲಿ ಬೇರೆಯೇ, ಸಡಿಲ ಗುರಿ: 2050ಕ್ಕೆ 24ರಿಂದ 47% ಇಳಿಕೆ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಆ ಗುರಿಯನ್ನೂ ಇನ್ನಷ್ಟು ಸಡಿಲಿಸಿ, 14–24% ಇಳಿಕೆ ಸಾಕೆಂದು ಮಾಡುವುದಾಗಿ ಪ್ರಕಟಿಸಿತು.

ನಿನ್ನ,
ಗೆಳೆಯ