ದೋಣಿ ನೂಕುವ ಐದು ಜನ

ಡಬ್ಲಿನ್,
ಭಾನುವಾರ ರಾತ್ರಿ

ಅಪ್ಪಯ್ಯ, ಅಮ್ಮ, ಇಬ್ಬರಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಚಳಿ ಸ್ವಲ್ಪ ಜಾಸ್ತಿ, ಅಷ್ಟೆ. ಅಮ್ಮನ ಉಪ್ಪಿನಕಾಯಿ ಇನ್ನೂ ಅರ್ಧ ಬಾಟಲಿ ಇದೆ. ಈ ಲಕೋಟೆಯಲ್ಲಿ ಒಂದು ಕಾರ್ಡ್ ಇಟ್ಟಿದ್ದೇನೆ. ಅಪ್ಪಯ್ಯ, ಮೊದಲು ಅದನ್ನು ನೋಡಿ, ಆಮೇಲೆ ಪತ್ರ ಓದಿ.

ನೋಡಿದಿರಾ? ಇವತ್ತು ನನಗೆ ಡ್ಯೂಟಿ ಇರಲಿಲ್ಲ. ಇಲ್ಲಿನ ನ್ಯಾಷನಲ್ ಗ್ಯಾಲರಿಗೆ ಹೋಗಿದ್ದೆ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ದೊಡ್ಡ ದೊಡ್ಡ ಚಿತ್ರಗಳನ್ನೆಲ್ಲ ಸುಮ್ನೆ ದಾಟಿ ಬಂದವಳು ಇದರ ಮುಂದೆ ನಿಂತುಬಿಟ್ಟೆ. ಸಣ್ಣ ಚಿತ್ರ, ಮೂರು ಗೇಣೂ ಉದ್ದವಿಲ್ಲ. ಐದು ಜನ ಸೇರಿ ಒಂದು ಕಪ್ಪು ದೋಣಿಯನ್ನು ಕಡಲಿಗೆ ನೂಕುತ್ತಿದ್ದಾರೆ. ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಬಗ್ಗಿದ ಮೈ, ಎದುರಿಗೆ ನೊರೆಯ ತೆರೆ, ಅಷ್ಟೆ.

ಮಳೆಗಾಲದಲ್ಲಿ ನಮ್ಮ ಕೋಡಿಯ ಕಡಲ ದಡದಲ್ಲಿ ನೀವೆಲ್ಲ ನಾಡದೋಣಿ ಇಳಿಸುವಾಗ ನಾನು ಅಮ್ಮನ ಸೆರಗು ಹಿಡಿದು ಹಿಂದೆ ನಿಂತಿರುತ್ತಿದ್ದೆ. ಅಲ್ಲಿಂದ ನಿಮ್ಮ ಮುಖ ಕಾಣುತ್ತಿರಲಿಲ್ಲ. ಎಡ ಭುಜ ತುಸು ಇಳಿದಿದ್ದರೆ ಅದು ನಮ್ಮ ಅಪ್ಪಯ್ಯ. ಈ ಚಿತ್ರದಲ್ಲೂ ಆ ಭುಜವನ್ನೇ ಹುಡುಕುತ್ತಾ ನಿಂತಿದ್ದೆ.

ಇದನ್ನು ಬರೆದವರು ಪಾಲ್ ಹೆನ್ರಿ, ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು. 1910ರಲ್ಲಿ ಐರ್ಲೆಂಡಿನ ಪಶ್ಚಿಮದ ಅಕಿಲ್ ಎಂಬ ದ್ವೀಪಕ್ಕೆ ನಾಲ್ಕು ದಿನ ಇದ್ದು ಬರೋಣ ಅಂತ ಹೋದರಂತೆ. ಊರು ಹಿಡಿಸಿ, ವಾಪಸ್ ಟಿಕೆಟನ್ನು ಹರಿದು ಕಡಲಿಗೆ ಎಸೆದೆ ಎಂದು ಅವರೇ ಬರೆದುಕೊಂಡಿದ್ದಾರೆ. 1919ರ ತನಕ ಅಲ್ಲೇ ಉಳಿದರು. (ನನ್ನ ಡಿಸೆಂಬರಿನ ಟಿಕೆಟ್ ಭದ್ರವಾಗಿದೆ ಅಂತ ಅಮ್ಮನಿಗೆ ಹೇಳಿ.) ಈ ಚಿತ್ರ ಆ ಮೊದಲ ದಿನಗಳದ್ದು, 1910-11ರದ್ದು. ಆಗ ಅಕಿಲ್‌ನ ಹುಡುಗ ಹುಡುಗಿಯರು ಆಲೂಗಡ್ಡೆ ಕೀಳುವ ಕೂಲಿಗೆ ಸ್ಕಾಟ್ಲೆಂಡಿಗೆ ಹೋಗುತ್ತಿದ್ದರು. ಇದನ್ನು ಓದಿದಾಗ ಯಾಕೋ ಗಂಟಲು ಕಟ್ಟಿತು.

ಇಂಥ ದೋಣಿಗೆ ಇಲ್ಲಿ ಕರಾಖ್ ಅನ್ನುತ್ತಾರೆ. ನಮ್ಮ ದೋಣಿಯಷ್ಟು ಭಾರ ಇಲ್ಲ. ತೆಳು ಮರದ ಪಟ್ಟಿಗಳ ಗೂಡು ಕಟ್ಟಿ, ಮೇಲೆ ಕ್ಯಾನ್ವಾಸ್ ಬಟ್ಟೆ ಬಿಗಿದು, ಡಾಂಬರು ಬಳಿಯುತ್ತಾರೆ. ಹಿಂದಿನ ಕಾಲದಲ್ಲಿ ಬಟ್ಟೆಯ ಬದಲು ದನದ ಚರ್ಮ ಇರುತ್ತಿತ್ತು. ದಡದಲ್ಲಿ ಅದನ್ನು ಬೋರಲು ಹಾಕಿ ಹೆಗಲ ಮೇಲೆ ಹೊತ್ತುಕೊಂಡೇ ನಡೆಯುತ್ತಾರೆ. ಬರೀ ಬಟ್ಟೆಯ ಮೈ ಇಟ್ಟುಕೊಂಡು ಅಟ್ಲಾಂಟಿಕ್ ಕಡಲಿಗೆ ಇಳಿಯುವುದು ಅಂದರೆ ಎಂಥ ಗುಂಡಿಗೆ ಬೇಕು, ಅಲ್ವಾ ಅಪ್ಪಯ್ಯ? ಚಿತ್ರ ಬರೆದದ್ದೂ ಕ್ಯಾನ್ವಾಸಿನ ಮೇಲೇ.

ಇನ್ನೊಂದು ವಿಷಯ. ಅಲ್ಲಿನ ಜನ ತಮ್ಮ ಚಿತ್ರ ಬರೆಸಿಕೊಳ್ಳಲು ಹೆದರುತ್ತಿದ್ದರಂತೆ, ಏನಾದರೂ ಕೆಡುಕಾದೀತು ಅಂತ. ಹೆನ್ರಿ ಆ ಜನರ ಕಣ್ಣು ತಪ್ಪಿಸಿ ಗೀಚಿಕೊಳ್ಳಬೇಕಿತ್ತು. ನೀವೂ ಕಡಲಿಗೆ ಹೊರಟಾಗ ಫೋಟೋ ತೆಗೆಯಲು ಬಿಟ್ಟವರಲ್ಲ. ದೋಣಿ ಜೊತೆ ನಿಮ್ಮದು ಒಂದೇ ಒಂದು ಫೋಟೋ ನನ್ನ ಹತ್ತಿರ ಇಲ್ಲ. ಅದಕ್ಕೇ ಎರಡು ಕಾರ್ಡ್ ತಗೊಂಡೆ. ಒಂದು ನಿಮಗೆ. ಇನ್ನೊಂದನ್ನು ನನ್ನ ಮಂಚದ ಪಕ್ಕ ಗೋಡೆಗೆ ಅಂಟಿಸಿದ್ದೇನೆ.

ಈಗ ನೀವು ಒಂದು ಹೇಳಬೇಕು. ದೊಡ್ಡ ತೆರೆ ದಾಟಲಿ, ಆಮೇಲೆ ನೂಕಿ ಅಂತ ನೀವು ಕೂಗುತ್ತಿದ್ದಿರಿ. ಈ ಐವರು ತೆರೆ ದಾಟಿದ ಮೇಲೆ ನೂಕುತ್ತಿದ್ದಾರಾ, ಮೊದಲೇನಾ? ಎಷ್ಟು ನೋಡಿದರೂ ನನಗೆ ಗೊತ್ತಾಗಲಿಲ್ಲ. ಕನ್ನಡಕ ಹಾಕಿಕೊಂಡು, ಬೆಳಕಿನಲ್ಲಿ ಹಿಡಿದು ನೋಡಿ. ಬುಧವಾರ ಫೋನ್ ಮಾಡುತ್ತೇನೆ.

ನಿಮ್ಮ ಮಗಳು